ಎಚ್‌ಐವಿ ಮತ್ತು ರಕ್ತಹೀನತೆ: ಟಾನಿಕ್ ಒಂದೇ ಮದ್ದಲ್ಲ

ಮಳೆಗಾಲದಲ್ಲಿ ಗಾಜನೂರಿನ ತುಂಗಾ ಅಣೆಕಟ್ಟು ತುಂಬಿ ನಿಂತ ನೋಟವನ್ನು ಶಿವಮೊಗ್ಗದ ಮಕ್ಕಳು ಕಂಡೇ ಇರುತ್ತಾರೆ. ಆದರೆ ಅಣೆಕಟ್ಟು ತುಂಬಿದ ಮಾತ್ರಕ್ಕೆ ಗದ್ದೆಗೆ ನೀರು ಬರುವುದಿಲ್ಲ. ಅದಕ್ಕೆ ನಾಲೆಯ ತೂಬು ತೆರೆಯಬೇಕು. ತೂಬು ಮುಚ್ಚಿದ್ದರೆ ಹಿಂದೆ ಎಷ್ಟು ನೀರಿದ್ದರೇನು, ನಾಲೆ ಒಣಗಿಯೇ ಇರುತ್ತದೆ. ಎಚ್‌ಐವಿ ಸೋಂಕಿನೊಡನೆ ಬದುಕುತ್ತಿರುವ ಅನೇಕರ ದೇಹದಲ್ಲಿ ಕಬ್ಬಿಣದ ಕತೆಯೂ ಹೀಗೆಯೇ. ಕಬ್ಬಿಣ ಇರುತ್ತದೆ, ಆದರೆ ರಕ್ತಕ್ಕೆ ಸಿಗುವುದಿಲ್ಲ.

ರಕ್ತಕ್ಕೆ ಕೆಂಪು ಬಣ್ಣ ಕೊಡುವುದು ಹಿಮೋಗ್ಲೋಬಿನ್. ಇದರ ಒಂದೊಂದು ಅಣುವಿನಲ್ಲೂ ನಾಲ್ಕು ಕಬ್ಬಿಣದ ಪರಮಾಣುಗಳಿವೆ. ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ದೇಹದ ಮೂಲೆ ಮೂಲೆಗೆ ತಲುಪಿಸುವುದು ಇದರ ಕೆಲಸ. ವಯಸ್ಕರ ದೇಹದಲ್ಲಿ ಇರುವ ಒಟ್ಟು ಕಬ್ಬಿಣ ಸುಮಾರು 3ರಿಂದ 4 ಗ್ರಾಂ ಮಾತ್ರ. ಪುರುಷರಲ್ಲಿ ಒಂದು ಡೆಸಿಲೀಟರ್ ರಕ್ತಕ್ಕೆ 13 ಗ್ರಾಂ, ಗರ್ಭಿಣಿಯರಲ್ಲದ ಮಹಿಳೆಯರಲ್ಲಿ 12 ಗ್ರಾಂಗಿಂತ ಹಿಮೋಗ್ಲೋಬಿನ್ ಕಡಿಮೆಯಾದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. ಸುಸ್ತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಬಿಳಿಚಿಕೊಂಡ ಮುಖ, ತಲೆಸುತ್ತು ಇದರ ಲಕ್ಷಣಗಳು.

ಎಚ್‌ಐವಿ ಇರುವವರಲ್ಲಿ ರಕ್ತಹೀನತೆ ಬಹಳ ಸಾಮಾನ್ಯ. ಇದನ್ನು ಲಘುವಾಗಿ ಕಾಣುವಂತಿಲ್ಲ. ತೀವ್ರ ರಕ್ತಹೀನತೆ ಇರುವವರಲ್ಲಿ ಸಾವಿನ ಅಪಾಯ ಹೆಚ್ಚು ಎಂಬುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿಕೊಟ್ಟಿವೆ. ಹಾಗಾದರೆ ಇದು ಬರುವುದು ಹೇಗೆ?

ತೂಬು ಮುಚ್ಚುವ ಹೆಪ್ಸಿಡಿನ್

ದೇಹಕ್ಕೆ ಸೋಂಕು ತಗುಲಿದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ. ರೋಗಾಣುಗಳಿಗೂ ಬೆಳೆಯಲು ಕಬ್ಬಿಣ ಬೇಕು. ಅವುಗಳಿಗೆ ಅದು ಸಿಗದಿರಲೆಂದು ದೇಹ ಹೂಡುವ ಉಪಾಯವಿದು. ಹೆಪ್ಸಿಡಿನ್ ಹೆಚ್ಚಾದರೆ ದಾಸ್ತಾನಿನಲ್ಲಿರುವ ಕಬ್ಬಿಣ ಜೀವಕೋಶಗಳಿಂದ ಹೊರಬರುವುದಿಲ್ಲ, ಕರುಳು ಹೀರಿಕೊಳ್ಳುವ ಕಬ್ಬಿಣವೂ ಕಡಿಮೆಯಾಗುತ್ತದೆ. ನಾಲ್ಕು ದಿನದ ಜ್ವರಕ್ಕೆ ಈ ಉಪಾಯ ಸರಿ. ಆದರೆ ವರ್ಷಗಟ್ಟಲೆ ಉಳಿಯುವ ಸೋಂಕಿನಲ್ಲಿ ತೂಬು ಮುಚ್ಚಿಯೇ ಇದ್ದರೆ ರಕ್ತ ಸೊರಗುತ್ತದೆ. ಆಗ ಬರೀ ಟಾನಿಕ್ ಕುಡಿಸುವುದೆಂದರೆ ತೂಬು ಮುಚ್ಚಿದ ಅಣೆಕಟ್ಟಿಗೆ ಇನ್ನಷ್ಟು ನೀರು ಸುರಿದಂತೆ.

ಎರಡನೆಯ ಕಾರಣ ಅಸ್ಥಿಮಜ್ಜೆಯಲ್ಲಿದೆ. ಕೆಮ್ಮಣ್ಣುಗುಂಡಿಯಿಂದ ಅದಿರು ಬಂದರೂ ಭದ್ರಾವತಿಯ ಕುಲುಮೆ ಉರಿಯದಿದ್ದರೆ ಕಬ್ಬಿಣ ತಯಾರಾದೀತೇ? ಕೆಂಪು ರಕ್ತಕಣಗಳಿಗೆ ಅಸ್ಥಿಮಜ್ಜೆಯೇ ಕುಲುಮೆ. ಒಂದು ಕಣದ ಆಯುಸ್ಸು ಸುಮಾರು 120 ದಿನ. ಆದ್ದರಿಂದ ಹೊಸ ಕಣಗಳು ಬಿಡುವಿಲ್ಲದೆ ಹುಟ್ಟುತ್ತಲೇ ಇರಬೇಕು. ಎಚ್‌ಐವಿ ಸೋಂಕು ಮತ್ತು ಅದರ ಬೆನ್ನಿಗೇ ಬರುವ ಕ್ಷಯ ಈ ಉತ್ಪಾದನೆಯನ್ನು ಕುಗ್ಗಿಸುತ್ತವೆ.

ಮೂರನೆಯದು ಔಷಧ. 1987ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಜಿಡೋವುಡಿನ್ ಎಚ್‌ಐವಿ ವಿರುದ್ಧದ ಮೊದಲ ಮದ್ದು. ಅದು ಅನೇಕರ ಜೀವ ಉಳಿಸಿತು. ಆದರೆ ಕೆಲವರಲ್ಲಿ ಅಸ್ಥಿಮಜ್ಜೆಯ ಕೆಲಸವನ್ನು ಕುಗ್ಗಿಸಿತು. ಭಾರತ ಸರ್ಕಾರ 2004ರ ಏಪ್ರಿಲ್ 1ರಂದು ಉಚಿತ ಎಆರ್‌ಟಿ ಚಿಕಿತ್ಸೆ ಆರಂಭಿಸಿತು. ಕರ್ನಾಟಕವೂ ಆಗ ಆಯ್ಕೆಯಾದ ರಾಜ್ಯಗಳಲ್ಲಿ ಒಂದು. ಆ ವರ್ಷಗಳಲ್ಲಿ ಜಿಡೋವುಡಿನ್ ಮುಖ್ಯ ಔಷಧಗಳಲ್ಲೊಂದಾಗಿತ್ತು. ಹಾಗಾಗಿ ಮೊದಲು ಹಿಮೋಗ್ಲೋಬಿನ್ ಪರೀಕ್ಷಿಸಿ, ಅದು ತೀರಾ ಕಡಿಮೆ ಇದ್ದವರಿಗೆ ಬೇರೆ ಔಷಧ ಕೊಡಲಾಗುತ್ತಿತ್ತು. ಇಂದು ಹೆಚ್ಚಿನ ವಯಸ್ಕರಿಗೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ ಸಿಗುತ್ತದೆ. ಇದರಿಂದ ರಕ್ತಹೀನತೆಯ ಭಯ ಬಹಳ ಕಡಿಮೆ.

ಇವುಗಳ ಜೊತೆಗೆ ಎಲ್ಲರಿಗೂ ಗೊತ್ತಿರುವ ಕಾರಣಗಳೂ ಇವೆ: ಪೌಷ್ಟಿಕ ಆಹಾರದ ಕೊರತೆ, ಅತಿಯಾದ ಮುಟ್ಟಿನ ಸ್ರಾವ, ಮಲೇರಿಯಾ, ಬರಿಗಾಲಲ್ಲಿ ತೋಟ ಗದ್ದೆಗಳಲ್ಲಿ ಓಡಾಡುವವರಿಗೆ ಅಂಟುವ ಕೊಕ್ಕೆಹುಳು. ಇಂಥ ರಕ್ತಹೀನತೆಗೆ ಕಬ್ಬಿಣದ ಮಾತ್ರೆ ನಿಜಕ್ಕೂ ಬೇಕಾಗಬಹುದು.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕಾರಣ ತಿಳಿಯದೆ ಕೊಡುವ ಮದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಸುಸ್ತಾಯಿತೆಂದು ಔಷಧದಂಗಡಿಯಿಂದ ಟಾನಿಕ್ ತಂದು ಕುಡಿಯುವವರು ಒಂದು ಸಂಗತಿಯನ್ನು ತಿಳಿದಿರಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ, ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಬಲ ಬರಲೆಂದು ಕುಡಿದ ಟಾನಿಕ್ಕೇ ವೈರಸ್ಸಿಗೆ ಬಲ ಕೊಡಬಹುದು! ಖಾಲಿ ಹೊಟ್ಟೆಯಲ್ಲಾದರೆ ಡೊಲುಟೆಗ್ರಾವಿರ್ ಮಾತ್ರೆಯನ್ನು ಕಬ್ಬಿಣಕ್ಕಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ತೆಗೆದುಕೊಳ್ಳಬೇಕು. ಊಟದ ಜೊತೆಗಾದರೆ ಎರಡನ್ನೂ ಒಟ್ಟಿಗೆ ನುಂಗಬಹುದು. ಗರ್ಭಿಣಿಯರು ವೈದ್ಯರು ಬರೆದುಕೊಟ್ಟ ಕಬ್ಬಿಣದ ಮಾತ್ರೆಯನ್ನು ಬಿಡಬಾರದು, ವೇಳೆಯನ್ನು ಮಾತ್ರ ಕೇಳಿ ತಿಳಿಯಬೇಕು.

ಇದಕ್ಕಿಂತ ದೊಡ್ಡ ತಪ್ಪೆಂದರೆ, ಸುಸ್ತಿಗೆ ಎಆರ್‌ಟಿ ಮಾತ್ರೆಯೇ ಕಾರಣವೆಂದು ಭಾವಿಸಿ ಅದನ್ನು ನಿಲ್ಲಿಸುವುದು. ವೈರಸ್ ಹತೋಟಿಗೆ ಬಂದರೆ ಮುಚ್ಚಿದ ತೂಬು ನಿಧಾನವಾಗಿ ತೆರೆಯುತ್ತದೆ, ಹಿಮೋಗ್ಲೋಬಿನ್ ಏರುತ್ತದೆ. ಔಷಧವೇ ಕಾರಣವಾಗಿದ್ದರೆ ಅದನ್ನು ಬದಲಿಸಲು ದಾರಿಯುಂಟು. ಆದರೆ ಆ ತೀರ್ಮಾನ ವೈದ್ಯರದ್ದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಎಆರ್‌ಟಿ ಕೇಂದ್ರದಲ್ಲಿ ಚಿಕಿತ್ಸೆ ಉಚಿತ. ರಾಷ್ಟ್ರೀಯ ಸಹಾಯವಾಣಿ 1097ಕ್ಕೆ ಹೆಸರು ಹೇಳದೆಯೂ ಕರೆ ಮಾಡಿ ವಿಚಾರಿಸಬಹುದು.

ಅನೇಕರು ಆಸ್ಪತ್ರೆಗೆ ಹೋಗಲು ಹಿಂಜರಿಯುವುದು ಕಾಯಿಲೆಗೆ ಹೆದರಿ ಅಲ್ಲ, ನೆರೆಹೊರೆಯವರ ಮಾತಿಗೆ ಹೆದರಿ. ಒಟ್ಟಿಗೆ ಕುಳಿತು ಉಂಡರೆ, ಒಂದೇ ಬೆಂಚಿನಲ್ಲಿ ಕುಳಿತು ಓದಿದರೆ ಎಚ್‌ಐವಿ ಹರಡುವುದಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಕಾಯಿದೆಯ ಪ್ರಕಾರ ಸೋಂಕಿತರನ್ನು ಶಾಲೆಯಲ್ಲಾಗಲಿ ಕೆಲಸದಲ್ಲಾಗಲಿ ಬೇರೆಯಾಗಿ ಕಾಣುವಂತಿಲ್ಲ. ಮಕ್ಕಳು ಇದನ್ನು ಪಾಠವಾಗಿ ಕಲಿತು, ಹಿರಿಯರು ಮನೆಯಲ್ಲಿ ನಡೆದು ತೋರಿಸಿದರೆ, ಮುಖ ಬಿಳಿಚಿಕೊಂಡು ಮೂಲೆಯಲ್ಲಿ ಕುಳಿತವರು ರಕ್ತಪರೀಕ್ಷೆಗೆ ಧೈರ್ಯವಾಗಿ ಹೊರಡುತ್ತಾರೆ.