ಗೆಲ್ಲಬೇಕಾದರೆ ಮಾರಲೇಬೇಕಿತ್ತು

1992ರಲ್ಲಿ ಜಪಾನಿನ ಮಿತ್ಸುಬಿಷಿ ಕಂಪನಿ 2500 ಕಾರುಗಳನ್ನು ಮಾರಲೇಬೇಕಿತ್ತು. ಲಾಭದ ಲೆಕ್ಕ ಆಮೇಲಿನದು. ವಿಶ್ವ ರ್‍ಯಾಲಿ ಚಾಂಪಿಯನ್‌ಶಿಪ್‌ನ ‘ಗ್ರೂಪ್ ಎ’ ನಿಯಮ ಹಾಗಿತ್ತು. ಕಾಡುದಾರಿಯಲ್ಲಿ ಓಡಿಸುವ ಕಾರನ್ನು ಮೊದಲು ಷೋರೂಮಿನಲ್ಲಿಡಿ, ಇಷ್ಟು ಸಂಖ್ಯೆಯಲ್ಲಿ ತಯಾರಿಸಿ ಜನರಿಗೆ ಕೊಡಿ, ಆಮೇಲೆ ಪಂದ್ಯಕ್ಕೆ ಬನ್ನಿ. ಮೊದಲು 5000 ಇದ್ದ ಆ ಸಂಖ್ಯೆಯನ್ನು ಇಳಿಸಿ 2500 ಮಾಡಲಾಗಿತ್ತು. ಸಂಸಾರಸ್ಥರ ನಾಲ್ಕು ಬಾಗಿಲಿನ ಲ್ಯಾನ್ಸರ್ ಕಾರಿಗೆ 250 ಅಶ್ವಶಕ್ತಿಯ ಟರ್ಬೊ ಎಂಜಿನ್ ತುಂಬಿ, ನಾಲ್ಕೂ ಚಕ್ರಗಳಿಗೆ ಬಲ ಹಂಚಿ, ‘ಲ್ಯಾನ್ಸರ್ ಇವೊಲ್ಯೂಷನ್’ ಎಂದು ಹೆಸರಿಟ್ಟು ಮಾರಾಟಕ್ಕೆ ಇಟ್ಟರು. ಇಷ್ಟನ್ನು ಯಾರು ಕೊಳ್ಳುತ್ತಾರೋ ಎಂಬ ಅಳುಕು ಇದ್ದಿರಬೇಕು. ಮೂರೇ ದಿನಗಳಲ್ಲಿ ಎಲ್ಲವೂ ಖರ್ಚಾದವು. ಮತ್ತೆ ಅಷ್ಟೇ ತಯಾರಿಸಬೇಕಾಯಿತು.

ಅಭಿಮಾನಿಗಳ ಬಾಯಲ್ಲಿ ಅದು ‘ಇವೊ’ ಆಯಿತು. ಮುಂದಿನ ಕಾಲು ಶತಮಾನದಲ್ಲಿ ಹತ್ತು ತಲೆಮಾರು ಕಂಡು ನಿಂತುಹೋಯಿತು. ಅದರ ವೇಗದ ಬಗ್ಗೆ ಬರೆದವರು ಬಹಳ ಮಂದಿ. ನನ್ನನ್ನು ಹಿಡಿದಿಟ್ಟಿರುವುದು ಆ ನಿಯಮ. ಗೆಲ್ಲುವ ಕಾರೂ ಮಾರುವ ಕಾರೂ ಒಂದೇ ಆಗಿರಬೇಕು ಎಂಬ ಹಟ ಇರದಿದ್ದರೆ ಈ ಕಾರು ಹುಟ್ಟುತ್ತಲೇ ಇರಲಿಲ್ಲ.

ಲ್ಯಾನ್ಸರ್ ಎಂಬ ಹೆಸರಿನ ಕಥೆ ಇನ್ನೂ ಹಳೆಯದು, ಮತ್ತು ಅದರ ನಡುವೆ ಒಬ್ಬ ಭಾರತೀಯ ಮೂಲದವರು ನಿಂತಿದ್ದಾರೆ. ಜೋಗಿಂದರ್ ಸಿಂಗ್ 1932ರಲ್ಲಿ ಕೆನ್ಯಾದ ಕೆರಿಚೊದಲ್ಲಿ ಹುಟ್ಟಿದವರು. ಪಂಜಾಬಿನಿಂದ ವಲಸೆ ಹೋಗಿದ್ದ ತಂದೆಯ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದು ಬೆಳೆದವರು. ಪೂರ್ವ ಆಫ್ರಿಕಾದ ಸಫಾರಿ ರ್‍ಯಾಲಿ ಎಂದರೆ ಆಗ ಸಾವಿರಾರು ಕಿಲೋಮೀಟರ್ ದೂಳು, ಮಳೆ ಬಂದರೆ ಮೊಣಕಾಲುದ್ದ ಕೆಸರು, ದಾರಿಗೆ ಅಡ್ಡ ಬರುವ ಕಾಡುಪ್ರಾಣಿ. ಹೊರಟವರಲ್ಲಿ ಬಹುಪಾಲು ಮಂದಿ ಕೊನೆ ಮುಟ್ಟುತ್ತಲೇ ಇರಲಿಲ್ಲ. 1974ರಲ್ಲಿ ಅವರು ಅಲ್ಲಿಗೆ ಒಯ್ದದ್ದು ಮಿತ್ಸುಬಿಷಿಯ ಪುಟ್ಟ ಲ್ಯಾನ್ಸರ್ 1600 ಜಿಎಸ್‌ಆರ್. ಎದುರಿಗೆ ಯುರೋಪಿನ ದೊಡ್ಡ ದೊಡ್ಡ ತಂಡಗಳು. ಗೆದ್ದದ್ದು ಜೋಗಿಂದರ್. ವಿಶ್ವ ರ್‍ಯಾಲಿಯಲ್ಲಿ ಲ್ಯಾನ್ಸರ್ ಹೆಸರಿಗೆ ಬಂದ ಮೊದಲ ಗೆಲುವು ಅದು. 1976ರಲ್ಲಿ ಅವರು ಮತ್ತೆ ಗೆದ್ದಾಗ ಎರಡನೆಯ, ಮೂರನೆಯ ಸ್ಥಾನವೂ ಲ್ಯಾನ್ಸರ್‌ಗಳದೇ. ಕೆನ್ಯಾದ ಜನ ಅವರನ್ನು ‘ಸಿಂಬಾ’ ಎಂದು ಕರೆದರು, ಸ್ವಾಹಿಲಿಯಲ್ಲಿ ಸಿಂಹ.

ಇಲ್ಲಿಂದ ಒಮ್ಮೆಗೇ 1980ರ ದಶಕಕ್ಕೆ ಬರಬೇಕು. ಜರ್ಮನಿಯ ಔಡಿ ಕ್ವಾಟ್ರೊ ನಾಲ್ಕೂ ಚಕ್ರಗಳಿಗೆ ಬಲ ಕೊಟ್ಟು ಹಿಮದಲ್ಲಿ, ಜಲ್ಲಿಯಲ್ಲಿ ಓಡಿ ತೋರಿಸಿದ ಮೇಲೆ ಎರಡೇ ಚಕ್ರ ತಿರುಗುವ ಕಾರುಗಳ ಕಾಲ ಮುಗಿಯಿತು. ಜೊತೆಗೆ ‘ಗ್ರೂಪ್ ಬಿ’ ಎಂಬ ವರ್ಗ ಬಂದಿತ್ತು. ಅದರಲ್ಲಿ 200 ಕಾರು ತಯಾರಿಸಿದರೆ ಸಾಕು, ಉಳಿದದ್ದು ಎಂಜಿನಿಯರುಗಳ ಇಷ್ಟ. ಕಾರುಗಳು ಹಗುರವಾದವು, ಶಕ್ತಿ ಮಿತಿಮೀರಿತು. 1986ರ ಮೇ 2ರಂದು ಫ್ರಾನ್ಸಿನ ಕಾರ್ಸಿಕಾ ದ್ವೀಪದ ತಿರುವೊಂದರಲ್ಲಿ ಫಿನ್ಲೆಂಡಿನ ಹೆನ್ರಿ ಟೊಯ್ವೊನೆನ್ ಮತ್ತು ಅವರ ಪಕ್ಕದಲ್ಲಿ ಕುಳಿತಿದ್ದ ಸೆರ್ಜಿಯೊ ಕ್ರೆಸ್ಟೊ ಕಾರಿನೊಂದಿಗೆ ಕಮರಿಗೆ ಉರುಳಿ ಬೆಂಕಿಯಲ್ಲಿ ತೀರಿಕೊಂಡರು. ಗ್ರೂಪ್ ಬಿಗೆ ಅಲ್ಲಿಗೇ ತೆರೆ ಬಿತ್ತು. ಮುಂದಿನ ವರ್ಷದಿಂದ ವಿಶ್ವ ಪ್ರಶಸ್ತಿಯ ಕಣದಲ್ಲಿ ಉಳಿದದ್ದು ಗ್ರೂಪ್ ಎ, ಅಂದರೆ ಸಾವಿರಗಟ್ಟಲೆ ಮಾರಾಟವಾಗುವ ಕಾರುಗಳ ವರ್ಗ. ಇವೊವಿನ ಹುಟ್ಟನ್ನು ಹುಡುಕುತ್ತ ಹೋದರೆ ಆ ಇಬ್ಬರ ಸಾವಿನ ಮುಂದೆ ನಿಲ್ಲಬೇಕಾಗುತ್ತದೆ. ಅದನ್ನು ದಾಟಿ ಬರೀ ಗೆಲುವುಗಳ ಪಟ್ಟಿ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಹೊಸ ನಿಯಮಕ್ಕೆ ಮಿತ್ಸುಬಿಷಿ ಮೊದಲು ಇಳಿಸಿದ್ದು ಗ್ಯಾಲಂಟ್ ವಿಆರ್-4. ‘4ಜಿ63’ ಎಂಬ ಎರಡು ಲೀಟರಿನ ಟರ್ಬೊ ಎಂಜಿನ್, ನಾಲ್ಕೂ ಚಕ್ರಕ್ಕೆ ಚಾಲನೆ, ನಾಲ್ಕೂ ಚಕ್ರ ತಿರುಗಿಸುವ ಸ್ಟೇರಿಂಗ್ ಎಲ್ಲವೂ ಅದರಲ್ಲಿದ್ದವು. 1989ರಿಂದ 1992ರೊಳಗೆ ಆರು ವಿಶ್ವ ರ್‍ಯಾಲಿ ಗೆದ್ದಿತು ಕೂಡ. ಆದರೆ ಗ್ಯಾಲಂಟ್ ದೊಡ್ಡ ಮೈಯ ಕಾರು. ಫಿನ್ಲೆಂಡಿನ ಕಾಡಿನ ಕಿರುದಾರಿಯಲ್ಲಿ, ಕಾರ್ಸಿಕಾದ ತಿರುವುಮುರುವಿನಲ್ಲಿ ಆ ಮೈಯೇ ಭಾರ. ಎಂಜಿನಿಯರುಗಳು ಅದೇ ಎಂಜಿನನ್ನೂ ಅದೇ ಚಾಲನೆಯ ವ್ಯವಸ್ಥೆಯನ್ನೂ ತೆಗೆದು ತಮ್ಮನಿಗೆ, ಎಂದರೆ ಲ್ಯಾನ್ಸರ್‌ಗೆ, ತೊಡಿಸಿದರು. ಮೈಕಟ್ಟಿಗೆ ಹೆಚ್ಚಿನ ಬೆಸುಗೆ ಹಾಕಿ ಬಿಗಿ ಮಾಡಿದರು, ಬಾನೆಟ್ಟನ್ನು ಅಲ್ಯುಮಿನಿಯಮ್ಮಿನಲ್ಲಿ ಮಾಡಿ ಮೂಗಿನ ಭಾರ ಇಳಿಸಿದರು. ಎರಡು ಬಗೆಯಲ್ಲಿ ಮಾರಿದರು. ಜಿಎಸ್‌ಆರ್ ಮನೆಬಳಕೆಗೆ. ಆರ್‌ಎಸ್‌ನಲ್ಲಿ ಎ.ಸಿ. ಇಲ್ಲ, ಕಿಟಕಿಗೆ ಪವರ್ ಇಲ್ಲ, ತೂಕ ಸುಮಾರು 70 ಕಿಲೊ ಕಡಿಮೆ. ರ್‍ಯಾಲಿಗೆ ಒಯ್ಯುವವರು ಹೇಗಿದ್ದರೂ ಒಳಗಿನದನ್ನೆಲ್ಲ ಕಿತ್ತು ಎಸೆಯುತ್ತಾರೆ ಎಂದು ಕಂಪನಿಗೇ ಗೊತ್ತಿತ್ತು.

ಆಮೇಲಿನ ಮೂರು ತಲೆಮಾರು ಬಂದ ವೇಗ ಸಾಮಾನ್ಯವಾಗಿ ಕಾರು ಕಂಪನಿಗಳದ್ದಲ್ಲ. 1994ರಲ್ಲಿ ಇವೊ ಎರಡು, 260 ಅಶ್ವಶಕ್ತಿ. 1995ರಲ್ಲಿ ಇವೊ ಮೂರು, 270. 1996ರಲ್ಲಿ ಇವೊ ನಾಲ್ಕು, 280. ಅಲ್ಲಿಗೆ ಸಂಖ್ಯೆ ನಿಂತಿತು, ಏಕೆಂದರೆ 280 ದಾಟುವುದಿಲ್ಲ ಎಂದು ಜಪಾನಿನ ಕಂಪನಿಗಳು ತಮ್ಮತಮ್ಮಲ್ಲಿ ಮಾತು ಕೊಟ್ಟುಕೊಂಡಿದ್ದವು. ಪ್ರತಿ ಸಲವೂ ರ್‍ಯಾಲಿಯಲ್ಲಿ ಕಂಡ ಕೊರತೆಯನ್ನು ಅಂಗಡಿಯ ಕಾರಿನಲ್ಲಿ ತಿದ್ದುವುದು, ತಿದ್ದಿದ್ದನ್ನು ಮಾರುವುದು, ಮಾರಿದ್ದನ್ನು ರ್‍ಯಾಲಿಗೆ ಒಯ್ಯುವುದು. ಎಂಜಿನ್ ಬಿಸಿಯಾಗುತ್ತಿದೆಯೇ, ಮುಂದಿನ ಬಂಪರಿನಲ್ಲಿ ಗಾಳಿಗಂಡಿ ದೊಡ್ಡದಾಗುತ್ತದೆ. ಹಾರಿ ಇಳಿದಾಗ ಹಿಂಬದಿ ಹಗುರವಾಗುತ್ತಿದೆಯೇ, ಡಿಕ್ಕಿಯ ಮೇಲಿನ ರೆಕ್ಕೆ ಅಗಲವಾಗುತ್ತದೆ. ಷೋಕಿಯೆಂದು ಕೆಲವರು ತಿಳಿದಿದ್ದ ಆ ರೆಕ್ಕೆಯನ್ನು ಅಂಗಡಿಯ ಕಾರಿಗೆ ಹಾಕದಿದ್ದರೆ ಪಂದ್ಯದ ಕಾರಿಗೂ ಹಾಕುವಂತಿರಲಿಲ್ಲ.

ಇವೊ ನಾಲ್ಕರಲ್ಲಿ ಬಂದ ‘ಆ್ಯಕ್ಟಿವ್ ಯಾ ಕಂಟ್ರೋಲ್’ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಕಣದಲ್ಲಿ ಹಂತಿ ಹೊಡೆಯುವುದನ್ನು ಕಂಡವರಿಗೆ ಇದು ಬೇಗ ತಿಳಿದೀತು. ಮೇಟಿಗೆ ಸಾಲಾಗಿ ಕಟ್ಟಿದ ಎತ್ತುಗಳು ಸುತ್ತುವಾಗ ಮೇಟಿಯ ಪಕ್ಕದ್ದು ನಿಂತಲ್ಲೇ ತಿರುಗಿದ ಹಾಗೆ ಕಾಲೆತ್ತಿಡುತ್ತದೆ, ಹೊರಗಿನದು ಬಿರಬಿರನೆ ನಡೆಯಬೇಕು. ತಿರುವಿನಲ್ಲಿ ಕಾರಿನ ಚಕ್ರಗಳೂ ಹೀಗೆಯೇ. ಒಳಚಕ್ರಕ್ಕೆ ದಾರಿ ಕಡಿಮೆ, ಹೊರಚಕ್ರಕ್ಕೆ ಹೆಚ್ಚು. ಎಲ್ಲ ಕಾರುಗಳಲ್ಲೂ ಇರುವ ಡಿಫರೆನ್ಷಿಯಲ್ ಎರಡನ್ನೂ ತಮ್ಮ ತಮ್ಮ ವೇಗದಲ್ಲಿ ಉರುಳಲು ಬಿಡುತ್ತದೆ, ಅಷ್ಟೇ. ಇವೊ ನಾಲ್ಕರಲ್ಲಿ ಹಿಂದಿನ ಎರಡು ಚಕ್ರಗಳ ನಡುವೆ ಇನ್ನಷ್ಟು ಗೇರು, ಕ್ಲಚ್ಚು ಕೂರಿಸಿ ಕಂಪ್ಯೂಟರಿಗೆ ಒಪ್ಪಿಸಿದರು. ಸ್ಟೇರಿಂಗ್ ಎಷ್ಟು ತಿರುಗಿದೆ, ಕಾರು ಎಷ್ಟು ವೇಗದಲ್ಲಿದೆ ಎಂಬುದನ್ನೆಲ್ಲ ನೋಡಿ ಅದು ಹೊರಚಕ್ರಕ್ಕೆ ಬೇಕೆಂದೇ ಹೆಚ್ಚು ಬಲ ದಾಟಿಸುತ್ತದೆ. ಹೊರಗಿನ ಎತ್ತಿಗೆ ಬಾರುಕೋಲು ಮುಟ್ಟಿಸಿದರೆ ಇಡೀ ಸಾಲು ಒಳಕ್ಕೆ ಹೊರಳುವ ಹಾಗೆ, ಕಾರಿನ ಮೂಗು ತಾನಾಗಿ ತಿರುವಿನೊಳಕ್ಕೆ ಹೊರಳುತ್ತದೆ. ನಾಲ್ಕು ಚಕ್ರದ ಚಾಲನೆಯ ಕಾರುಗಳಿಗೆ ಒಂದು ಹಳೆಯ ರೋಗವಿತ್ತು: ತಿರುಗಿಸಿದರೂ ತಿರುಗದೆ ನೇರಕ್ಕೆ ಜಾರುವುದು. ಅದಕ್ಕೆ ಮದ್ದು ಹೀಗೆ ಸಿಕ್ಕಿತು. ನೇಗಿಲಿನಷ್ಟೇ ಹಳೆಯದೊಂದು ತಿಳಿವಳಿಕೆ ಗೇರುಪೆಟ್ಟಿಗೆಯೊಳಗೆ ಕೂತಿದೆ ಎನ್ನುವುದು ನನಗೆ ಇವತ್ತಿಗೂ ಬೆರಗು.

ಇವೊದಲ್ಲಿ ಮೆರೆದವರು ಹೊಲದಿಂದ ಬಂದವರು ಎನ್ನುವುದು ಇನ್ನೊಂದು ಸಂತೋಷ. ಫಿನ್ಲೆಂಡಿನ ಟೊಮಿ ಮ್ಯಾಕಿನೆನ್ ರೈತನ ಮಗ. ಕಾರಿಗಿಂತ ಮೊದಲು ಟ್ರ್ಯಾಕ್ಟರ್ ಉಳುಮೆ ಸ್ಪರ್ಧೆಯಲ್ಲಿ ತನ್ನ ದೇಶದ ಚಾಂಪಿಯನ್ ಆಗಿದ್ದವರು. 1996ರಲ್ಲಿ ಒಂಬತ್ತು ಸುತ್ತುಗಳಲ್ಲಿ ಐದನ್ನು ಗೆದ್ದು ಇವೊ ಮೂರರಲ್ಲಿ ವಿಶ್ವ ಚಾಂಪಿಯನ್ ಆದರು. ಆ ಐದರಲ್ಲಿ ಸಫಾರಿಯೂ ಇತ್ತು. ಅಲ್ಲಿಂದ ಸತತ ನಾಲ್ಕು ವರ್ಷ, 1999ರವರೆಗೆ, ಪಟ್ಟ ಬಿಟ್ಟುಕೊಡಲಿಲ್ಲ.

ಎದುರಾಳಿಯೂ ಸಾಮಾನ್ಯದ್ದಲ್ಲ. ಇವೊ ಬಂದ ವರ್ಷವೇ ಸುಬಾರು ಕಂಪನಿ ಇಂಪ್ರೆಝಾ ಡಬ್ಲ್ಯುಆರ್‌ಎಕ್ಸ್ ತಂದಿತ್ತು. ನೀಲಿ ಮೈ, ಚಿನ್ನದ ಬಣ್ಣದ ಚಕ್ರಗಳು. 1995ರಲ್ಲಿ ಸ್ಕಾಟ್ಲೆಂಡಿನ ಕಾಲಿನ್ ಮೆಕ್‌ರೇ ಅದರಲ್ಲೇ ವಿಶ್ವ ಚಾಂಪಿಯನ್. ಒಂದೇ ದೇಶದ ಈ ಎರಡು ಕಾರುಗಳ ಜಿದ್ದು ಇಲ್ಲದಿದ್ದರೆ ವರ್ಷಕ್ಕೊಂದು ಇವೊ ಬರುತ್ತಿತ್ತೆಂದು ನಾನು ನಂಬುವುದಿಲ್ಲ.

1998ರ ನವೆಂಬರ್ ಬ್ರಿಟನ್ ರ್‍ಯಾಲಿಯನ್ನು ಬಿಟ್ಟು ಈ ಕಥೆ ಹೇಳಲಾಗದು. ವರ್ಷದ ಕೊನೆಯ ಸುತ್ತು. ಹಳೆಯ ಕಾರೊಂದು ಚೆಲ್ಲಿಹೋಗಿದ್ದ ಎಣ್ಣೆಯ ಮೇಲೆ ಮ್ಯಾಕಿನೆನ್ ಜಾರಿ ಕಾಂಕ್ರೀಟ್ ದಿಮ್ಮಿಗೆ ಬಡಿದರು. ಹಿಂದಿನ ಚಕ್ರ ಕಿತ್ತುಹೋಯಿತು. ಮೂರು ಚಕ್ರದಲ್ಲೇ ಮುಂದೆ ಹೋಗಲು ನೋಡಿದರು, ರಸ್ತೆಯಲ್ಲಿ ಪೊಲೀಸರು ತಡೆದರು. ಪಟ್ಟ ಕೈತಪ್ಪಿತೆಂದು ಹೋಟೆಲಿಗೆ ಮರಳಿದರು. ಟೊಯೊಟಾದ ಕಾರ್ಲೊಸ್ ಸೈನ್ಸ್‌ಗೆ ನಾಲ್ಕನೆಯ ಸ್ಥಾನ ಸಾಕಿತ್ತು, ಅವರು ನಾಲ್ಕನೆಯವರಾಗಿಯೇ ಓಡುತ್ತಿದ್ದರು. ಕಟ್ಟಕಡೆಯ ಸ್ಟೇಜಿನ ಗೆರೆಗೆ ಕೆಲವೇ ನೂರು ಮೀಟರ್ ಇರುವಾಗ ಅವರ ಎಂಜಿನ್ ಸತ್ತಿತು. ಎರಡು ಅಂಕದ ಅಂತರದಲ್ಲಿ ಪಟ್ಟ ಮ್ಯಾಕಿನೆನ್‌ಗೆ ಉಳಿಯಿತು. ಅದೇ ರ್‍ಯಾಲಿಯನ್ನು ಇವೊದ್ದೇ ಇನ್ನೊಂದು ರೂಪವಾದ ಕರಿಸ್ಮಾ ಜಿಟಿಯಲ್ಲಿ ರಿಚರ್ಡ್ ಬರ್ನ್ಸ್ ಗೆದ್ದು ತಯಾರಕರ ಪ್ರಶಸ್ತಿಯನ್ನೂ ತಂದರು. ಮಿತ್ಸುಬಿಷಿಗೆ ಆ ಪ್ರಶಸ್ತಿ ಬಂದದ್ದು ಆ ಒಂದೇ ಸಲ.

ಆ ಹೊತ್ತಿಗೆ ನಿಯಮ ಬದಲಾಗಿತ್ತು ಎಂಬುದನ್ನು ಗಮನಿಸಬೇಕು. 1997ರಿಂದ ‘ವರ್ಲ್ಡ್ ರ್‍ಯಾಲಿ ಕಾರ್’ ಎಂಬ ವರ್ಗ ಬಂತು. ಸಾಧಾರಣ ಕಾರೊಂದಕ್ಕೆ ಟರ್ಬೊ, ನಾಲ್ಕು ಚಕ್ರದ ಚಾಲನೆ ಸೇರಿಸಿ ಪಂದ್ಯಕ್ಕೆ ಇಳಿಸಬಹುದು, ಅಂಥದ್ದನ್ನು ಜನರಿಗೆ ಮಾರಬೇಕಿಲ್ಲ. ಸುಬಾರು, ಫೋರ್ಡ್, ಟೊಯೊಟಾ ಆ ದಾರಿ ಹಿಡಿದವು. ಮಿತ್ಸುಬಿಷಿ ಮಾತ್ರ, ಕೆಲವು ರಿಯಾಯಿತಿ ಪಡೆದು, ಹಳೆಯ ಗ್ರೂಪ್ ಎನಲ್ಲೇ ಉಳಿಯಿತು. ಕಟ್ಟುಪಾಡಿಲ್ಲದವರನ್ನು ಕಟ್ಟುಪಾಡಿನ ಕಾರು ಮೂರು ವರ್ಷ ಸೋಲಿಸಿತು. ಅಂಗಡಿಯ ಕಾರಿಗೆ ಹತ್ತಿರವಾದ ‘ಗ್ರೂಪ್ ಎನ್’ ವರ್ಗದಲ್ಲೂ ಇದೇ ಕಥೆ. ಉರುಗ್ವೆಯ ಗುಸ್ತಾವೊ ಟ್ರೆಲ್ಯೆಸ್ ಇವೊ ಓಡಿಸಿ 1996ರಿಂದ 1999ರವರೆಗೆ, ಮ್ಯಾಕಿನೆನ್ ಗೆದ್ದ ಅದೇ ನಾಲ್ಕು ವರ್ಷ, ಆ ವರ್ಗದ ವಿಶ್ವಕಪ್ ಗೆದ್ದರು.

ಅಂಗಡಿಯಲ್ಲಿ ಇವೊ ಐದು ಅಗಲವಾಗಿ ಬಂತು, ಬ್ರೆಂಬೊ ಬ್ರೇಕು ತೊಟ್ಟು. 1999ರಲ್ಲಿ ಇವೊ ಆರು, ಅದರ ಬೆನ್ನಿಗೆ ಮ್ಯಾಕಿನೆನ್ ಹೆಸರಿನದೇ ಒಂದು ಆವೃತ್ತಿ. 2001ರಲ್ಲಿ ಇವೊ ಏಳು ‘ಸೆಡಿಯಾ’ ಎಂಬ ಹೊಸ ಲ್ಯಾನ್ಸರ್ ಮೈಯಲ್ಲಿ ಬಂತು. ಆ ವರ್ಷ ಮ್ಯಾಕಿನೆನ್ ಹಳೆಯ ಕಾರಿನಲ್ಲೇ ಮೂರು ರ್‍ಯಾಲಿ ಗೆದ್ದರು, ಮೂರನೆಯದು ಸಫಾರಿ. ಶರತ್ಕಾಲದಲ್ಲಿ ಕಂಪನಿ ಕೊನೆಗೂ ‘ವರ್ಲ್ಡ್ ರ್‍ಯಾಲಿ ಕಾರ್’ ಇಳಿಸಿತು. ಹಳೆಯ ನಿಯಮದ ಕಟ್ಟು ಕಳಚಿದ ಆ ಕಾರು ಒಂದು ಗೆಲುವನ್ನೂ ಕಾಣಲಿಲ್ಲ. ಮ್ಯಾಕಿನೆನ್ ಸುಬಾರು ಸೇರಿದರು, 2005ರ ಕೊನೆಗೆ ಮಿತ್ಸುಬಿಷಿ ಕಣದಿಂದ ಹೊರನಡೆಯಿತು. ಜೋಗಿಂದರ್ 1974ರಲ್ಲಿ ಲ್ಯಾನ್ಸರ್‌ಗೆ ಮೊದಲ ಗೆಲುವು ತಂದ ಸಫಾರಿಯಲ್ಲೇ, 27 ವರ್ಷಗಳ ನಂತರ, ಅದರ ಕೊನೆಯ ವಿಶ್ವ ರ್‍ಯಾಲಿ ಗೆಲುವೂ ದಾಖಲಾಗಿದೆ.

ರ್‍ಯಾಲಿ ಬಿಟ್ಟ ಮೇಲೂ ಇವೊ ಹತ್ತು ವರ್ಷ ಬದುಕಿತು. ಅದಕ್ಕೆ ಮೊದಲೇ, 2003ರಲ್ಲಿ, ಇವೊ ಎಂಟು ಅಮೆರಿಕ ತಲುಪಿತ್ತು. 2007ರಲ್ಲಿ ಬಂದ ಹತ್ತನೆಯದರಲ್ಲಿ ಹಳೆಯ ಕಬ್ಬಿಣದ 4ಜಿ63 ಎಂಜಿನಿನ ಜಾಗಕ್ಕೆ ಹೊಸ ಅಲ್ಯುಮಿನಿಯಂ ಎಂಜಿನ್ ಬಂತು, ಗೇರನ್ನು ತಾನೇ ಬದಲಿಸುವ ಎರಡು ಕ್ಲಚ್ಚಿನ ಗೇರ್‌ಬಾಕ್ಸೂ ಬಂತು. ಒಳ್ಳೆಯ ಕಾರು, ಸಂದೇಹವಿಲ್ಲ. ಆದರೆ ಅದನ್ನು ತಿದ್ದಲು ಯಾವ ಕಾಡುದಾರಿಯೂ ಇರಲಿಲ್ಲ, ಎಂಟು ವರ್ಷ ಹೆಚ್ಚುಕಡಿಮೆ ಹಾಗೇ ಉಳಿಯಿತು. 2015ರಲ್ಲಿ ಜಪಾನಿನಲ್ಲಿ 1000 ಕಾರುಗಳ ‘ಫೈನಲ್ ಎಡಿಷನ್’ ಮಾರಿ ಮುಗಿಸಿದರು.

ಹತ್ತನೆಯ ಇವೊ 2010ರಲ್ಲಿ ಭಾರತಕ್ಕೂ ಬಂದಿತ್ತು, ಅರ್ಧ ಕೋಟಿಯ ಆಸುಪಾಸಿನ ಬೆಲೆಗೆ. ಕೊಂಡವರು ಬೆರಳೆಣಿಕೆ. ನಮ್ಮವರಿಗೆ ನಿಜವಾಗಿ ದಕ್ಕಿದ್ದು ಸೆಡಿಯಾ, ಇವೊ ಏಳರ ಮೈಕಟ್ಟಿನದೇ ಸಾದಾ ಕಾರು. ಟರ್ಬೊ ಇಲ್ಲ, ಬಲವೆಲ್ಲ ಮುಂದಿನ ಎರಡು ಚಕ್ರಕ್ಕೆ. ತಮಿಳುನಾಡಿನ ತಿರುವಳ್ಳೂರಿನಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಜೋಡಿಸಿ ಮಾರುತ್ತಿದ್ದ ಅದನ್ನೇ ಬಲಪಡಿಸಿ ನಮ್ಮ ರಾಷ್ಟ್ರೀಯ ರ್‍ಯಾಲಿಗಳಲ್ಲಿ ವರ್ಷಗಟ್ಟಲೆ ಓಡಿಸಿದರು.

ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುದಾರಿಯ ದಿಬ್ಬದ ಮೇಲೆ ನಿಂತು ನಾನು ಒಮ್ಮೆ ಆ ಓಟ ನೋಡಿದ್ದೇನೆ. ತಿರುವಿನಾಚೆ ಎಂಜಿನ್ ಸದ್ದು ಏರುತ್ತಿದ್ದಂತೆ ಪಕ್ಕದಲ್ಲಿದ್ದ ಹಿರಿಯರೊಬ್ಬರು, ಕಾರು ಕಾಣುವ ಮೊದಲೇ, “ಸೆಡಿಯಾ ಬಂತು ನೋಡಿ” ಎಂದರು. ಬಂದದ್ದು ಅದೇ. ಕೆಂಪು ಮಣ್ಣು ಎರಚಿ, ಹಿಂಬದಿ ಬೀಸಿ, ಸಿಲ್ವರ್ ಓಕ್ ಮರಗಳ ಸಂದಿಯಲ್ಲಿ ಮರೆಯಾಯಿತು. ಸದ್ದಿನಲ್ಲೇ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅವರು ತೋಟದ ಗೇಟಿನ ಕಡೆ ಕೈ ತೋರಿಸಿದರು. ಅಲ್ಲಿ ಜೀಪುಗಳ ನಡುವೆ, ಡಿಕ್ಕಿಯ ಮೇಲೆ ದೂಳು ಕೂತ ಅವರದೇ ಸೆಡಿಯಾ ನಿಂತಿತ್ತು.