ಕೂದಲು ಕಸಿ: ಯಾವ ವಿಧಾನ, ಯಾರ ಕೈ?

ಕಳೆದ ತಿಂಗಳು ಜುಮಾ ನಮಾಜಿನ ನಂತರ ತಿಕೋಟಾ ಕಡೆಯ ತಂದೆ-ಮಗ ನಮ್ಮ ಬಳಿ ಬಂದು ಕುಳಿತರು. ಮಗನಿಗೆ 24 ವರ್ಷ, ಹಣೆಯ ಮೇಲಿನ ಕೂದಲು ಉದುರಿದೆ. ಹೆಣ್ಣು ನೋಡಲು ಹೋದ ಎರಡು ಮನೆಗಳಲ್ಲಿ ಇದೇ ಮಾತು ಬಂದಿತ್ತು. "ಹಜರತ್, ಕೂದಲಾ ನೆಡಸೂದು ಜಾಯಿಜ್ ಐತೇನ್ರಿ? ಯಾವ ಪದ್ಧತಿ ಚಲೋ? ಒಣದ್ರಾಕ್ಷಿ ಮಾರಿದ ರೊಕ್ಕ ಐತಿ, ಕಡಿಮಿ ಬಿದ್ದದ್ದಕ್ಕ ಸಾಲ ಮಾಡ್ತೀವ್ರಿ" ಎಂದರು ತಂದೆ. ಮಗ ತಲೆ ತಗ್ಗಿಸಿಕೊಂಡೇ ಕುಳಿತಿದ್ದ. ಸಿದ್ಧೇಶ್ವರ ಗುಡಿ ಸುತ್ತಿನ ಓಣಿಗಳಿಂದಲೂ ಬಬಲೇಶ್ವರದಿಂದಲೂ ಇದೇ ಪ್ರಶ್ನೆ ಬರುತ್ತಿರುವುದರಿಂದ ಮುಂದಿನ ಜುಮಾದ ಬಯಾನಿನಲ್ಲಿ ಇದನ್ನೇ ವಿವರಿಸಿದೆವು. ಅದರ ಸಾರ ಇಲ್ಲಿದೆ.

ಮೊದಲು ಶರೀಅತ್‌ನ ಮಾತು. ಬೇರೆಯವರ ಕೂದಲನ್ನು ತನ್ನ ಕೂದಲಿಗೆ ಜೋಡಿಸಿಕೊಳ್ಳುವುದನ್ನು ಪ್ರವಾದಿವರ್ಯರು (ಸ) ಕಟುವಾಗಿ ನಿಷೇಧಿಸಿದ್ದಾರೆ. ಕಸಿಯ ವಿಷಯ ಬೇರೆ. ಇಲ್ಲಿ ತನ್ನದೇ ತಲೆಯ ಹಿಂಭಾಗದ ಕೂದಲನ್ನು ಬುಡಸಮೇತ ತೆಗೆದು ಮುಂದೆ ನೆಡುತ್ತಾರೆ, ಅದು ಅಲ್ಲೇ ಬೇರೂರಿ ಬೆಳೆಯುತ್ತದೆ. ಯುದ್ಧದಲ್ಲಿ ಮೂಗು ಕಳೆದುಕೊಂಡ ಸಹಾಬಿ ಅರ್ಫಜಾ (ರ) ಅವರಿಗೆ ಚಿನ್ನದ ಮೂಗು ಹಾಕಿಸಿಕೊಳ್ಳಲು ಪ್ರವಾದಿವರ್ಯರು (ಸ) ಅನುಮತಿ ಕೊಟ್ಟಿದ್ದರು. ಕಳೆದುಹೋದದ್ದನ್ನು ಸರಿಪಡಿಸಿಕೊಳ್ಳುವುದು ಸೃಷ್ಟಿಯನ್ನು ಬದಲಿಸಿದಂತಲ್ಲ ಎಂದು ಉಲಮಾಗಳು ಇದರಿಂದ ತಿಳಿದುಕೊಂಡಿದ್ದಾರೆ. 2007ರಲ್ಲಿ ಮಲೇಷ್ಯಾದ ಪುತ್ರಜಾಯಾದಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯೂ ಕೂದಲು ಉದುರಿದವರಿಗೆ ಕಸಿ ಜಾಯಿಜ್ ಎಂದಿದೆ.

ಇನ್ನು ವಿಧಾನಗಳು. ಜಾಹೀರಾತಿನಲ್ಲಿ ಹತ್ತಾರು ಹೆಸರುಗಳಿದ್ದರೂ ಕೂದಲು ತೆಗೆಯುವ ದಾರಿ ಮುಖ್ಯವಾಗಿ ಎರಡೇ. ಎಫ್‌ಯುಟಿಯಲ್ಲಿ ತಲೆಯ ಹಿಂದಿನಿಂದ ಚರ್ಮದ ಒಂದು ಪಟ್ಟಿಯನ್ನೇ ಕತ್ತರಿಸಿ ತೆಗೆದು ಹೊಲಿಗೆ ಹಾಕುತ್ತಾರೆ. ಆ ಪಟ್ಟಿಯಿಂದ ಕೂದಲಿನ ಬುಡಗಳನ್ನು ಬಿಡಿಸಿ ನೆಡುತ್ತಾರೆ. ಒಂದೇ ಸಲಕ್ಕೆ ಹೆಚ್ಚು ಬುಡಗಳು ಸಿಗುತ್ತವೆ, ಆದರೆ ಗೆರೆಯಂಥ ಗಾಯದ ಗುರುತು ಉಳಿಯುತ್ತದೆ. ಕೂದಲು ಉದ್ದವಿದ್ದರೆ ಅದು ಕಾಣದು, ಉಮ್ರಾ ಅಥವಾ ಹಜ್‌ನಲ್ಲಿ ತಲೆ ಬೋಳಿಸಿದರೆ ಕಾಣುತ್ತದೆ. ಎಫ್‌ಯುಇಯಲ್ಲಿ ಸುಮಾರು ಒಂದು ಮಿಲಿಮೀಟರ್ ಅಗಲದ ಕೊಳವೆಯಂಥ ಉಪಕರಣದಿಂದ ಬುಡಗಳನ್ನು ಒಂದೊಂದಾಗಿ ತೆಗೆಯುತ್ತಾರೆ. ಹೊಲಿಗೆ ಇಲ್ಲ, ಚುಕ್ಕೆಗಳಷ್ಟೇ ಉಳಿಯುತ್ತವೆ. ಆದರೆ ಸಾಮಾನ್ಯವಾಗಿ ತಲೆ ಬೋಳಿಸಬೇಕು, ಹೊತ್ತೂ ಹೆಚ್ಚು ಹಿಡಿಯುತ್ತದೆ. ಮಿತಿಮೀರಿ ತೆಗೆದರೆ ಹಿಂಭಾಗವೇ ತೆಳುವಾಗಿ ಕಾಣುತ್ತದೆ. ಡಿಎಚ್‌ಐ ಎಂಬುದರಲ್ಲಿ ಕೂದಲು ತೆಗೆಯುವ ರೀತಿ ಎಫ್‌ಯುಇಯದೇ. ನೆಡುವಾಗ ಪೆನ್ನಿನಂಥ ಉಪಕರಣ ಬಳಸುತ್ತಾರೆ, ಅಷ್ಟೇ ವ್ಯತ್ಯಾಸ. ಹೆಸರು ಹೊಸದು ಎಂಬ ಕಾರಣಕ್ಕೆ ಹೆಚ್ಚು ಹಣ ಕೊಡಬೇಕಿಲ್ಲ.

ಯಾವ ವಿಧಾನವಾದರೂ ಹೊಸ ಕೂದಲನ್ನು ಹುಟ್ಟಿಸುವುದಿಲ್ಲ. ಹಿಂದಿನದನ್ನು ಮುಂದಕ್ಕೆ ತರುತ್ತದೆ. ತೆಗೆದ ಜಾಗದಲ್ಲಿ ಅದು ಮತ್ತೆ ಬರುವುದಿಲ್ಲ. ತಲೆಯ ಹಿಂದಿನ ಕೂದಲು ಒಮ್ಮೆ ಮಾತ್ರ ಖರ್ಚು ಮಾಡಬಹುದಾದ ಬಂಡವಾಳ, ಅಲ್ಲಾಹನು ಕೊಟ್ಟ ಅಮಾನತ್. 25ರ ಒಳಗಿನವರಿಗೆ ಒಳ್ಳೆಯ ವೈದ್ಯರು ಅವಸರ ಬೇಡ ಎನ್ನುವುದು ಇದಕ್ಕೇ. ಬೋಳು ಎಲ್ಲಿಗೆ ನಿಲ್ಲುತ್ತದೆ ಎಂಬುದು ಆ ವಯಸ್ಸಿಗೆ ಗೊತ್ತಾಗಿರುವುದಿಲ್ಲ. ನೆಟ್ಟದ್ದು ಮುಂದೆ ಉಳಿದು, ಅದರ ಹಿಂದಿನದು ಉದುರಿ, ನಡುವೆ ಖಾಲಿ ಜಾಗ ಕಾಣುತ್ತದೆ. ಟೈಫಾಯ್ಡ್‌ನಂಥ ಜ್ವರದ ನಂತರ ಉದುರಿದ ಕೂದಲು ಸಾಮಾನ್ಯವಾಗಿ ಕೆಲ ತಿಂಗಳಲ್ಲಿ ತಾನಾಗಿ ಬರುತ್ತದೆ. ರಕ್ತಹೀನತೆ, ಥೈರಾಯ್ಡ್ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು. ಆದ್ದರಿಂದ ಮೊದಲ ಹೆಜ್ಜೆ ಕಸಿಯ ಕ್ಲಿನಿಕ್ ಅಲ್ಲ, ಚರ್ಮರೋಗ ತಜ್ಞರು. ನಮ್ಮ ವಿಜಯಪುರದಲ್ಲೇ ಬಿಎಲ್‌ಡಿಇ ಮತ್ತು ಅಲ್-ಅಮೀನ್ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ.

ವಿಧಾನಕ್ಕಿಂತ ದೊಡ್ಡ ಪ್ರಶ್ನೆ, ಮಾಡುವ ಕೈ ಯಾರದು? 2016ರಲ್ಲಿ ಚೆನ್ನೈನಲ್ಲಿ ಕಸಿ ಮಾಡಿಸಿಕೊಂಡ ವೈದ್ಯಕೀಯ ವಿದ್ಯಾರ್ಥಿಯೊಬ್ಬ ತೀರಿಕೊಂಡ. ಕಾನ್ಪುರದಲ್ಲಿ ಇಬ್ಬರು ಎಂಜಿನಿಯರ್‌ಗಳು ಹೀಗೆಯೇ ಜೀವ ಕಳೆದುಕೊಂಡದ್ದು 2025ರಲ್ಲಿ ಸುದ್ದಿಯಾಯಿತು. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಸ್ಪಷ್ಟವಾಗಿ ಹೇಳಿದೆ: ಈ ಕೆಲಸ ವಿಧಿವತ್ತಾಗಿ ತರಬೇತಿ ಪಡೆದ ನೋಂದಾಯಿತ ವೈದ್ಯರದು, ಯೂಟ್ಯೂಬ್ ನೋಡಿ ಕಲಿತದ್ದು ಸಾಲದು. ಹಣ ಕಟ್ಟುವ ಮೊದಲು ನೇರವಾಗಿ ಕೇಳಿರಿ: ಅರಿವಳಿಕೆ ಕೊಡುವವರು ಯಾರು? ಕೂದಲು ತೆಗೆಯುವವರು ವೈದ್ಯರೋ ಸಹಾಯಕರೋ? ಜೀವಕ್ಕೆ ತೊಂದರೆಯಾದರೆ ಅಲ್ಲಿ ವ್ಯವಸ್ಥೆ ಏನಿದೆ? ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮುಚ್ಚಿಡಬೇಡಿರಿ. ತಿಳಿದೂ ಜೀವವನ್ನು ಅಪಾಯಕ್ಕೆ ಒಡ್ಡುವುದು ಜಾಯಿಜ್ ಅಲ್ಲ.

ನಮಾಜಿನ ವಿಷಯ. ಕಸಿಗೆ ಆರೇಳು ತಾಸು ಹಿಡಿಯಬಹುದು, ನಮಾಜಿನ ಹೊತ್ತಿಗೆ ಬಿಡುವು ಬೇಕೆಂದು ಮೊದಲೇ ಹೇಳಿಡಿರಿ. ನೆಟ್ಟ ಜಾಗಕ್ಕೆ ನೀರು ತಾಗಿಸಬಾರದೆಂದು ವೈದ್ಯರು ಹೇಳಿದ ದಿನಗಳಲ್ಲಿ ವುಜೂ ಮಾಡುವಾಗ ತಲೆಯ ಗಾಯವಿಲ್ಲದ ಭಾಗದ ಮೇಲೆ ಮಸಹ್ ಮಾಡಿದರೆ ಆಯಿತು. ಹನಫಿ ಮಸ್ಲಕ್‌ನಲ್ಲಿ ತಲೆಯ ಕಾಲು ಭಾಗ ಸಾಕು. ಬಾಗಬಾರದೆಂದಿದ್ದರೆ ಕುಳಿತು ಇಶಾರೆಯಿಂದ ಸಜ್ದಾ ಮಾಡಿರಿ. ಕೂದಲು ಬೆಳೆದ ಮೇಲೆ ಅದು ನಿಮ್ಮದೇ ಕೂದಲು. ವುಜೂ, ಗುಸುಲ್ ಯಾವುದಕ್ಕೂ ಅಡ್ಡಿಯಿಲ್ಲ.

ಹಣದ ಮಾತನ್ನು ಆ ತಂದೆಗೆ ಬಿಡಿಸಿಯೇ ಹೇಳಿದೆವು. ಬಡ್ಡಿ ಸಾಲ ಹರಾಮ್, ಕೂದಲು ಅದನ್ನು ಹಲಾಲ್ ಮಾಡುವಂಥ ಅಗತ್ಯವಲ್ಲ. ಹುಡುಗ ಚರ್ಮರೋಗ ತಜ್ಞರಿಗೆ ತೋರಿಸಿದ. ಒಂದು ವರ್ಷ ಔಷಧ ಹಚ್ಚಿ ನೋಡೋಣ ಎಂದರಂತೆ. ಒಣದ್ರಾಕ್ಷಿಯ ಹಣ ಮನೆಯಲ್ಲೇ ಉಳಿದಿದೆ.

ಬುಖಾರಿ, ಮುಸ್ಲಿಮ್ ಎರಡರಲ್ಲೂ ಬರುವ ಹದೀಸ್‌ನಲ್ಲಿ ಬನೀ ಇಸ್ರಾಈಲ್‌ನ ಬೋಳುತಲೆಯವನೊಬ್ಬನ ವೃತ್ತಾಂತವಿದೆ. ಮಲಕ್ ಬಂದು ಏನು ಬೇಕೆಂದಾಗ ಅವನು ಒಳ್ಳೆಯ ಕೂದಲು ಕೇಳಿದ. ಅದೂ ಸಿಕ್ಕಿತು, ಹಸುವಿನ ಸಂಪತ್ತೂ ಸಿಕ್ಕಿತು. ಕೂದಲು ಬಯಸಿದ್ದಕ್ಕೆ ಅವನನ್ನು ಯಾರೂ ದೂರಲಿಲ್ಲ. ಮುಂದೆ ಅವನ ಹಳೆಯ ರೂಪದಲ್ಲೇ ಬೋಳುತಲೆಯ ಬಡವನೊಬ್ಬ ಬಾಗಿಲಿಗೆ ಬಂದಾಗ ಬರಿಗೈಯಲ್ಲಿ ಕಳಿಸಿದ. ಅಲ್ಲಿ ಅವನು ಸೋತ. ಹೆಣ್ಣಿನ ಕಡೆಯವರು ಇದನ್ನು ನೆನಪಿಡಲಿ. ಹುಡುಗನ ದೀನ್, ಸ್ವಭಾವ, ದುಡಿಮೆ ನೋಡದೆ ತಲೆ ನೋಡಿ ಬೇಡವೆನ್ನುವ ಮನೆಗಳಿಂದಲೇ ಈ ಹುಡುಗರು ಸಾಲದ ದಾರಿ ಹಿಡಿಯುತ್ತಿದ್ದಾರೆ. ಅಲ್ಲಾಹನು ನಮ್ಮೆಲ್ಲರಿಗೂ ತಿಳಿವಳಿಕೆ ಕೊಡಲಿ. ಆಮೀನ್.