ಗಿರಾಕಿಗಳ ವಹಿ: ಸಣ್ಣ ಉದ್ಯೋಗದ ಮೊದಲ ಬಂಡವಾಳ

ಕಾಯಕವನ್ನು ಪೂಜೆಯ ಎತ್ತರಕ್ಕೆ ಏರಿಸಿದ ಶರಣರ ಪರಂಪರೆ ನಮ್ಮದು. ಮೇದಾರ ಕೇತಯ್ಯನವರು ಬುಟ್ಟಿ ಹೆಣೆದು, ನುಲಿಯ ಚಂದಯ್ಯನವರು ಹಗ್ಗ ಹೊಸೆದು, ಅದನ್ನು ಮಾರಿಯೇ ದಾಸೋಹ ನಡೆಸಿದರು. ಆದರೂ ವಸ್ತುವನ್ನು ತಯಾರಿಸುವಲ್ಲಿ ನಮಗಿರುವ ಉತ್ಸಾಹ ಅದನ್ನು ಕೊಳ್ಳುವವರನ್ನು ಅರಸುವಲ್ಲಿ ಇಲ್ಲ. ‘ಪರರ ಬಾಗಿಲಿಗೆ ನಾವೇಕೆ ಹೋಗಬೇಕು?’ ಎಂಬ ಸಂಕೋಚವೇ ಅನೇಕ ಉದ್ಯೋಗಗಳನ್ನು ಮುಳುಗಿಸಿದೆ. ಸಾಲ ಮಾಡಿ ತಂದ ಯಂತ್ರ ಮೂಲೆ ಸೇರಿದಾಗ ಹಾಳಾಗುವುದು ಹಣವೊಂದೇ ಅಲ್ಲ. ತಾಯಂದಿರ ಶ್ರಮ ಹಾಗೂ ತರುಣರ ಆತ್ಮವಿಶ್ವಾಸಗಳೂ ಅದರೊಡನೆ ಕರಗುತ್ತವೆ.

ಸೇಡಂನಲ್ಲಿ ತಾಯಿ ಮತ್ತು ಮಗ ಕೂಡಿ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಯಾರಿಸುವ ಉದ್ಯೋಗ ಆರಂಭಿಸಿದ್ದಾರೆಂದು ಭಾವಿಸೋಣ. ಅವರು ಮೊದಲು ಕೊಳ್ಳಬೇಕಾದುದು ನೂರು ಪುಟದ ಒಂದು ವಹಿಯನ್ನು.

ಯಾರನ್ನು ಅರಸಬೇಕು?

ನಮ್ಮ ಭಾಗದಲ್ಲಿ ಗಿರಾಕಿಗಳ ಕೊರತೆಯಿಲ್ಲ. ಸೇಡಂ ಮತ್ತು ವಾಡಿಯ ಸಿಮೆಂಟ್ ಕಾರ್ಖಾನೆಗಳ ನೌಕರರು, ಶಹಾಬಾದಿನ ಪರಸಿ ಕಲ್ಲಿನ ಕಾರ್ಮಿಕರು, ಚಿತ್ತಾಪುರ ಮತ್ತು ಚಿಂಚೋಳಿಯ ವಸತಿಗೃಹಗಳ ವಿದ್ಯಾರ್ಥಿಗಳು ದಿನವೂ ಉಣ್ಣುವವರೇ. ಆದರೆ ಉಣ್ಣುವವನು ಬೇರೆ, ಕೊಳ್ಳುವವನು ಬೇರೆ. ಖಾನಾವಳಿಯ ಮಾಲೀಕ, ಕ್ಯಾಂಟೀನಿನ ಗುತ್ತಿಗೆದಾರ, ಕಿರಾಣಿ ಅಂಗಡಿಯವರು, ಮದುವೆಯ ಅಡುಗೆಯ ಜವಾಬ್ದಾರಿ ಹೊತ್ತವರು, ಇವರ ಹೆಸರುಗಳೇ ವಹಿಗೆ ಸೇರಬೇಕು. ಹೈದರಾಬಾದು, ಪುಣೆ, ಬೆಂಗಳೂರುಗಳಲ್ಲಿ ನೆಲೆಸಿದ ನಮ್ಮೂರಿನವರನ್ನೂ ಮರೆಯಬಾರದು. ತಿಂಗಳೊಪ್ಪತ್ತು ಕೆಡದ ಖಡಕ್ ರೊಟ್ಟಿ ಅವರಿಗೆ ತವರಿನ ಬುತ್ತಿ.

ವಹಿಯ ಕ್ರಮ

ಪ್ರತಿ ಹೆಸರಿನ ಮುಂದೆ ಊರು, ದೂರವಾಣಿ, ಸೂಚಿಸಿದವರು, ಖರೀದಿಯ ನಿರ್ಧಾರ ಯಾರದು, ತಿಂಗಳಿಗೆ ಎಷ್ಟು ಬೇಕು, ಈಗ ಎಲ್ಲಿಂದ ತರಿಸುತ್ತಾರೆ, ಮುಂದಿನ ಭೇಟಿ ಎಂದು, ಇಷ್ಟನ್ನು ಬರೆಯಬೇಕು. ಬಳಿಕ ಹೆಸರುಗಳನ್ನು ಮೂರು ಗುಂಪು ಮಾಡಬೇಕು: ಈಗಲೇ ಬೇಕೆನ್ನುವವರು, ಹಂಗಾಮಿನಲ್ಲಿ ಕೊಳ್ಳುವವರು, ಸದ್ಯಕ್ಕೆ ಬೇಡವೆನ್ನುವವರು. ಮದುವೆ, ಜಾತ್ರೆ, ಶ್ರಾವಣದ ಪುರಾಣ, ಸಜ್ಜೆ ರೊಟ್ಟಿಯ ಎಳ್ಳಮಾವಾಸ್ಯೆಗಳಿಗೆ ಒಂದು ತಿಂಗಳು ಮುಂಚೆಯೇ ಎರಡನೆಯ ಗುಂಪಿನವರನ್ನು ಕಾಣಬೇಕು. ಬೇಡವೆಂದವರ ಹೆಸರನ್ನು ಅಳಿಸದೆ ಕಾರಣವನ್ನು ಬರೆದಿಡಬೇಕು. ‘ರೊಟ್ಟಿ ಒಡೆದಿರುತ್ತದೆ’ ಎಂದು ಐವರು ಹೇಳಿದರೆ ತಿದ್ದಬೇಕಾದುದು ಕಟ್ಟುವ ರೀತಿಯನ್ನು, ಬೆಲೆಯನ್ನಲ್ಲ.

ಸಂಚಾರಕ್ಕೂ ಒಂದು ಕ್ರಮವಿರಲಿ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ಆರಂಭವಾದ ರೈಲುಮಾರ್ಗದ ಮೇಲೆಯೇ ಚಿತ್ತಾಪುರ ಮತ್ತು ಸೇಡಂ ಇವೆ. ಈ ಮೂರು ಊರುಗಳಿಗೆ ಒಂದು ದಿನ ಮೀಸಲಿಡಬಹುದು. ವಾಡಿ-ಕಲಬುರಗಿ ಮಾರ್ಗದ ಶಹಾಬಾದಿಗೆ ಇನ್ನೊಂದು ದಿನ. ರಸ್ತೆಯಿಂದಲೇ ತಲುಪಬೇಕಾದ ಚಿಂಚೋಳಿಗೆ ಮತ್ತೊಂದು ದಿನ. ಒಂದೇ ಗಿರಾಕಿಗಾಗಿ ಇಡೀ ದಿನ ಅಲೆದರೆ ಲಾಭವೆಲ್ಲ ಪ್ರಯಾಣಕ್ಕೇ ಹೋದೀತು.

ಉದ್ರಿಯ ಎಚ್ಚರ

ವಹಿಯಲ್ಲಿ ಹೆಸರು ಬೆಳೆದಂತೆ ಉದ್ರಿಯೂ ಬೆಳೆಯುತ್ತದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆಯ ಪ್ರಕಾರ, ಸಣ್ಣ ತಯಾರಕರಿಂದ ಸರಕು ಸ್ವೀಕರಿಸಿದವರು ಲಿಖಿತ ಒಪ್ಪಂದವಿದ್ದರೂ 45 ದಿನಗಳನ್ನು ಮೀರದೆ ಹಣ ಸಲ್ಲಿಸಬೇಕು. ಈ ರಕ್ಷಣೆ ಬೇಕೆಂದರೆ ‘ಉದ್ಯಮ್’ ನೋಂದಣಿ ಮೊದಲೇ ಆಗಿರಬೇಕು. ಸರಕು ಕೊಟ್ಟದ್ದಕ್ಕೆ ಸಹಿ ಇರಬೇಕು. ಹಳೆಯ ಬಾಕಿ ತೀರಿಸದವರಿಗೆ ಹೊಸ ಸರಕು ಕೊಡುವುದು ಔದಾರ್ಯವಲ್ಲ.

ಇದೇ ವಹಿ ಪರಸಿ ಕಲ್ಲು ಮಾರುವವರಿಗೂ ಸಲ್ಲುತ್ತದೆ. ಅಲ್ಲಿ ಗೌಂಡಿಗಳ ಮತ್ತು ಗುತ್ತಿಗೆದಾರರ ಹೆಸರುಗಳಿರುತ್ತವೆ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲಬುರಗಿ ತೊಗರಿ ಬೇಳೆಗೂ ಹೆಸರು ಬಂದರೆ ಸಾಲದು, ಕೊಳ್ಳುವವರ ಹೆಸರುಗಳು ನಮ್ಮ ಕೈಯಲ್ಲಿರಬೇಕು.

ಕೊನೆಯದಾಗಿ ಒಂದು ಮಾತು. ಪತಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮನವರು ಅದನ್ನು ಹಿಂದಿರುಗಿಸಿದ ಕಥೆ ನಮಗೆಲ್ಲ ತಿಳಿದದ್ದೇ. ನಮ್ಮ ಕೈಲಾಗುವುದು ದಿನಕ್ಕೆ ಮುನ್ನೂರು ರೊಟ್ಟಿಯಾದರೆ ಐನೂರಕ್ಕೆ ಮಾತು ಕೊಡುವುದು ಕಾಯಕಧರ್ಮಕ್ಕೆ ಒಪ್ಪುವುದಿಲ್ಲ. ಕೊಟ್ಟ ಮಾತಿನಂತೆ ಸರಕು ತಲುಪಿದರೆ ಆ ಗಿರಾಕಿಯೇ ಮತ್ತೆರಡು ಹೆಸರುಗಳನ್ನು ವಹಿಗೆ ಬರೆಸುತ್ತಾನೆ.